ಎಡಗೈ ಮಾತೇ ಕೇಳುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ: ನನಗೆ 38 ವರ್ಷ. ಚಿಕ್ಕಂದಿನಿಂದ ಭಜನೆಗೆ ಹಾರ್ಮೋನಿಯಂ ನುಡಿಸುತ್ತೇನೆ. ಆರು ತಿಂಗಳ ಹಿಂದೆ 61 ಕೀಗಳ ಕೀಬೋರ್ಡ್ ತಗೊಂಡು ಪಿಯಾನೊ ಕಲಿಯೋಕೆ ಶುರು ಮಾಡಿದೆ. ಬಲಗೈ ಸಲೀಸಾಗಿ ಓಡುತ್ತದೆ, ಎಡಗೈ ಸೇರಿಸಿದ ಕೂಡಲೇ ಎರಡೂ ನಿಂತುಬಿಡುತ್ತವೆ. ಥಿಯರಿಯೂ ಗೊಂದಲ. ಸಿ ಅಂದರೆ ‘ಸ’ ಅಂದುಕೊಂಡಿದ್ದೆ. ಜಿ ಮೇಜರ್ ಸ್ಕೇಲಿಗೆ (ಜಿಯಿಂದ ಶುರುವಾಗುವ ಸ್ವರಸಾಲಿಗೆ) ಬಂದಾಗ ನಡುವೆ ಒಂದು ಕಪ್ಪು ಕೀ ಯಾಕೆ ಬಂತು ಅಂತ ತಿಳಿಯಲಿಲ್ಲ. ಕಲಿಯುವ ವಯಸ್ಸು ದಾಟಿತಾ?
– ಓದುಗರೊಬ್ಬರು, ಕೊಪ್ಪಳ

ಉತ್ತರ: ವಯಸ್ಸಿನ ಮಾತು ಬಿಡಿ ಅಕ್ಕಾ. ಇಷ್ಟು ವರ್ಷ ನಿಮ್ಮ ಎಡಗೈ ಏನು ಮಾಡುತ್ತಿತ್ತು ಹೇಳಿ? ಗಾಳಿ ಹಾಕುತ್ತಿತ್ತು. ಸ್ವರವೆಲ್ಲ ಬಲಗೈದೇ. ಅಂದರೆ ಬಲಗೈಗೆ ಎಷ್ಟೋ ವರ್ಷದ ಸಾಧನೆ ಇದೆ, ಎಡಗೈಗೆ ಆರೇ ತಿಂಗಳು. ಎರಡನ್ನೂ ಒಂದೇ ವೇಗದಲ್ಲಿ ಓಡಿಸಿದರೆ ಹೇಗೆ ಆಗುತ್ತದೆ?

ಇನ್ನೊಂದು ಕಾರಣವೂ ಇದೆ. ಸಿ ಮೇಜರ್ ಆರೋಹದಲ್ಲಿ ಬಲಗೈ ಮೂರು ಬೆರಳು ಮುಗಿದ ಮೇಲೆ ಹೆಬ್ಬೆರಳನ್ನು ಕೆಳಗಿನಿಂದ ತೂರಿಸಿ ಎಫ್ ಹಿಡಿಯುತ್ತದೆ. ಎಡಗೈ ಕಿರುಬೆರಳಿಂದ ಶುರುವಾಗಿ ಐದೂ ಬೆರಳು ಮುಗಿಸಿ, ಆಮೇಲೆ ನಡುಬೆರಳನ್ನು ಮೇಲಿಂದ ದಾಟಿಸಿ ಎ ಹಿಡಿಯುತ್ತದೆ. ಒಂದು ಕೈ ಒಂದು ಕಡೆ ತಿರುಗಿದರೆ ಇನ್ನೊಂದು ಎರಡು ಸ್ವರ ಬಿಟ್ಟು ತಿರುಗುತ್ತದೆ. ತೊಡಕು ಆಗೋದು ಅಲ್ಲೇ. ಅದಕ್ಕೆ ಮೊದಲು ಹೀಗೆ ಮಾಡಿ: ಎರಡೂ ಹೆಬ್ಬೆರಳನ್ನು ನಡುವಿನ ಸಿ ಹತ್ತಿರ ಇಟ್ಟು, ಬಲಗೈ ಮೇಲಕ್ಕೆ, ಎಡಗೈ ಕೆಳಕ್ಕೆ ಹೋಗಲಿ. ಹೆಬ್ಬೆರಳು 1, ಕಿರುಬೆರಳು 5 ಅಂತ ಎಣಿಸಿದರೆ ಆಗ ಎರಡೂ ಕೈಗೂ ಬೆರಳಿನ ಲೆಕ್ಕ ಒಂದೇ, 1 2 3 ಆಮೇಲೆ 1 2 3 4 5. ಮೆಟ್ರೊನೋಮ್ (ಲಯಕ್ಕೆ ಟಿಕ್ ಟಿಕ್ ಎನ್ನುವ ಸಾಧನ) 60ಕ್ಕೆ ಇಡಿ, ಸೆಕೆಂಡಿಗೆ ಒಂದು ಸ್ವರ, ಅದಕ್ಕಿಂತ ಜಾಸ್ತಿ ಬೇಡ. ನಾನು ಕಲಿಯುವಾಗ ಬಳ್ಳಾರಿಯಿಂದ ಹೊಸಪೇಟೆಗೆ ಬಸ್ಸಿನಲ್ಲಿ ಹೋಗುವಾಗೆಲ್ಲ ಎಡಗೈಯನ್ನು ತೊಡೆ ಮೇಲೆ ಇಟ್ಟುಕೊಂಡು ಇದೇ ಲೆಕ್ಕ ಒತ್ತುತ್ತಿದ್ದೆ, ಉಂಗುರದ ಬೆರಳು ಒಂದೇ ಏಳುತ್ತಿರಲಿಲ್ಲ, ಅದು ಏಳೋಕೆ ಸುಮಾರು ಎರಡು ತಿಂಗಳು ಹಿಡಿಯಿತು.

ದಿನಾ ಕೊನೆಯಲ್ಲಿ ಹತ್ತು ನಿಮಿಷ ನಿಮಗೆ ಬರುವ ಒಂದು ಭಜನೆ ನುಡಿಸಿ. ಬಲಗೈಲಿ ಹಾಡು, ಎಡಗೈಲಿ ತಂಬೂರಿ ಥರ ಬರೀ ಸ ಮತ್ತು ಪ. ಎಂಟು ಮಾತ್ರೆಯ ಕೆಹರವಾ ತಾಳ ಆದರೆ ನಾಲ್ಕು ಮಾತ್ರೆಗೊಂದು ಸಲ ಒತ್ತಿ. ಹಾರ್ಮೋನಿಯಂ ಹಾಗೆ ಕೀ ಹಿಡಿದಿದ್ದರೆ ದನಿ ಒಂದೇ ಸಮ ನಿಲ್ಲೋದಿಲ್ಲ, ಪಿಯಾನೊ ಸ್ವರ ಮೆಲ್ಲಗೆ ಆರಿಹೋಗುತ್ತದೆ. ಅದನ್ನು ಕಿವಿಗೊಟ್ಟು ಕೇಳಿ.

ಈಗ ಥಿಯರಿ. ಇದು ನಿಮಗೆ ಗೊತ್ತಿರುವ ವಿಷಯವೇ. ಗಂಡಸರು ಹಾಡೋಕೆ ಕೂತರೆ ನೀವು ಕಪ್ಪು ಒಂದು (ಮೊದಲ ಕಪ್ಪು ಕೀ) ‘ಸ’ ಅಂತ ಹಿಡಿಯುತ್ತೀರಿ, ಹೆಂಗಸರು ಕೂತರೆ ಕಪ್ಪು ನಾಲ್ಕೋ ಐದೋ ಹಿಡಿಯುತ್ತೀರಿ ಅಲ್ವಾ? ಅಂದರೆ ‘ಸ’ ಜಾಗ ಬದಲಿಸುತ್ತದೆ. ಸಿ ಬದಲಿಸೋದಿಲ್ಲ, ಅದು ಆ ಕೀಯ ಹೆಸರು. ಮೇಜರ್ ಸ್ಕೇಲ್ ಅಂದರೆ ನಮ್ಮ ಹಿಂದೂಸ್ತಾನಿಯ ಬಿಲಾವಲ್ ಥಾಟೇ (ಥಾಟ್ ಅಂದರೆ ಏಳು ಸ್ವರಗಳ ಸಾಲು), ಎಲ್ಲ ಶುದ್ಧ ಸ್ವರ. ಈಗ ಜಿ ಮೇಲೆ ‘ಸ’ ಇಟ್ಟು ಬರೀ ಬಿಳಿ ಕೀ ಒತ್ತುತ್ತಾ ಹೋಗಿ. ಸ ರಿ ಗ ಮ ಪ ಧ ತನಕ ಎಲ್ಲ ಸರಿ. ಆಮೇಲೆ ಎಫ್ ಒತ್ತಿ, ಅಲ್ಲೇ ನಿಂತು ಕೇಳಿ. ಕೋಮಲ ನಿ, ಅಂದರೆ ಖಮಾಜ್ ಥಾಟ್ ಬಂದುಬಿಟ್ಟಿತು! ಶುದ್ಧ ನಿ ಬೇಕಾದರೆ ಎಫ್‌ನ ಬಲಕ್ಕಿರುವ ಕಪ್ಪು ಕೀ ಒತ್ತಬೇಕು. ನಿಮ್ಮನ್ನು ಕಾಡಿದ ಎಫ್ ಶಾರ್ಪ್ ಅದೇ. ಇದೇ ಥರ ಎಫ್ ಮೇಲೆ ‘ಸ’ ಇಟ್ಟು ನೋಡಿ. ಈ ಸಲ ‘ಮ’ ತೀವ್ರವಾಗುತ್ತದೆ, ಎಲ್ಲಿ ಕಪ್ಪು ಕೀ ಬೇಕು ಅಂತ ನಿಮ್ಮ ಕಿವಿಯೇ ಹೇಳುತ್ತದೆ.

ಸ್ಟಾಫ್ ನೊಟೇಶನ್ (ಐದು ಗೆರೆಗಳ ಮೇಲೆ ಸ್ವರ ಬರೆಯುವ ಪದ್ಧತಿ) ಮಾತ್ರ ಬಿಡಬೇಡಿ. ಅದರ ಪಕ್ಕದಲ್ಲಿ ಸರಿಗಮ ಬರೆದುಕೊಳ್ಳಬೇಡಿ, ಕಣ್ಣು ಸರಿಗಮಕ್ಕೇ ಹೋಗುತ್ತದೆ.

ಪ್ರಶ್ನೆ: ಮಗಳಿಗೆ ಕೀಬೋರ್ಡ್ ಕೊಡಿಸಬೇಕು. 88 ಕೀ ಇರುವುದೇ ಬೇಕಾ?
– ಓದುಗರೊಬ್ಬರು, ಸಿಂಧನೂರು

ಉತ್ತರ: ಪೂರ್ತಿ ಪಿಯಾನೊಗೆ 88, 52 ಬಿಳಿ, 36 ಕಪ್ಪು. ಮೊದಲ ವರ್ಷಕ್ಕೆ 61 ಸಾಕು. ಆದರೆ ಟಚ್ ಸೆನ್ಸಿಟಿವ್ (ಒತ್ತಿದ ಜೋರಿಗೆ ತಕ್ಕಂತೆ ದನಿ ಬದಲಾಗುವಂಥದ್ದು) ಇರಲೇಬೇಕು, ಯಾಕೆಂದರೆ ಪಿಯಾನೊದಲ್ಲಿ ದನಿಯ ಏರಿಳಿತವೆಲ್ಲ ಬೆರಳಲ್ಲೇ ಇದೆ. ಅಂಗಡಿಯಲ್ಲೇ ಒಂದು ಕೀಯನ್ನು ಮೆಲ್ಲಗೆ ಒತ್ತಿ, ಮತ್ತೆ ಜೋರಾಗಿ ಒತ್ತಿ ನೋಡಿ. ಎರಡು ಸಲವೂ ದನಿ ಒಂದೇ ಥರ ಬಂದರೆ ತರಬೇಡಿ.