ಹೊಸ ಲ್ಯಾಪ್‌ಟಾಪ್‌ನಲ್ಲಿ ಉಬುಂಟುಗೆ ಎಸ್‌ಎಸ್‌ಡಿ ಕಾಣಿಸದಿದ್ದರೆ?

ಪ್ರಶ್ನೆ: ವಿಂಡೋಸ್ 11 ಇರುವ ಹೊಸ ಇಂಟೆಲ್ ಲ್ಯಾಪ್‌ಟಾಪ್ ಕೊಂಡಿದ್ದೇನೆ. ವಿಂಡೋಸ್ ಜೊತೆಗೇ ಉಬುಂಟು ಕೂಡ ಇರಲಿ ಅಂತ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿದೆ. ಉಬುಂಟು ತೆರೆದುಕೊಂಡಿತು, ಆದರೆ ಇನ್‌ಸ್ಟಾಲರ್‌ನಲ್ಲಿ ಎಸ್‌ಎಸ್‌ಡಿಯೇ ಕಾಣಿಸುತ್ತಿಲ್ಲ. ಸೆಕ್ಯೂರ್ ಬೂಟ್ ಆಫ್ ಮಾಡಿ ಲೆಗಸಿ ಮೋಡ್‌ಗೆ ಹಾಕು ಅಂತ ಗೆಳೆಯ ಹೇಳುತ್ತಾನೆ. ಮಾಡಲಾ?

ಉತ್ತರ: ಎರಡೂ ಬೇಡ. ಪೆನ್‌ಡ್ರೈವ್‌ನಿಂದ ಉಬುಂಟು ಶುರುವಾಗಿದೆ ಅಂದಮೇಲೆ ಸಹಿಯಿಲ್ಲದ ಪ್ರೋಗ್ರಾಮ್‌ಗಳು ಬೂಟ್ ಆಗದಂತೆ ತಡೆಯುವ ಸೆಕ್ಯೂರ್ ಬೂಟ್ ಅದನ್ನು ತಡೆದಿಲ್ಲ, ಅಲ್ವಾ? ಉಬುಂಟು, ಫೆಡೋರಾದಂಥ ಲಿನಕ್ಸ್‌ಗಳು ಮೈಕ್ರೋಸಾಫ್ಟ್ ಸಹಿ ಇರುವ ‘ಶಿಮ್’ ಎಂಬ ಪುಟ್ಟ ಪ್ರೋಗ್ರಾಮ್ ಮೂಲಕ ಬೂಟ್ ಆಗುತ್ತವೆ. ಇನ್ನು ಲೆಗಸಿಗೆ (ಹಳೆಯ ಬೂಟ್ ವಿಧಾನಕ್ಕೆ) ಹಾಕಿದರೆ, ಯುಇಎಫ್‌ಐ ಎಂಬ ಹೊಸ ವಿಧಾನದಲ್ಲಿ ಇನ್‌ಸ್ಟಾಲ್ ಆಗಿರುವ ನಿಮ್ಮ ವಿಂಡೋಸ್ ಬೂಟ್ ಆಗುವುದೇ ಇಲ್ಲ. ಎಷ್ಟೋ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಆ ಆಯ್ಕೆಯೇ ಇರುವುದಿಲ್ಲ ಬಿಡಿ.

ನಿಮ್ಮ ತೊಂದರೆಗೆ ಕಾರಣ ಬಹುಶಃ ಸ್ಟೋರೇಜ್ ಸೆಟ್ಟಿಂಗ್. ಬಯಾಸ್‌ನಲ್ಲಿ (ಲ್ಯಾಪ್‌ಟಾಪ್ ಆನ್ ಆಗುವಾಗ ತೆರೆಯಬಹುದಾದ ಸೆಟ್ಟಿಂಗ್ ಪರದೆಯಲ್ಲಿ) ‘ವಿಎಂಡಿ’ ಅಥವಾ ‘ಆರ್‌ಎಸ್‌ಟಿ’ ಆನ್ ಆಗಿದೆಯಾ ನೋಡಿ. ಆಗ ಎಸ್‌ಎಸ್‌ಡಿ, ಹಲವು ಡಿಸ್ಕ್‌ಗಳನ್ನು ಒಟ್ಟಾಗಿ ನಡೆಸುವ ಇಂಟೆಲ್‌ನ ರೇಡ್ ವ್ಯವಸ್ಥೆಯ ಹಿಂದೆ ಅಡಗಿ ಕೂರುತ್ತದೆ. ಅದನ್ನು ಎಎಚ್‌ಸಿಐ ಎಂಬ ಸಾಮಾನ್ಯ ಮೋಡ್‌ಗೆ ಬದಲಿಸಬೇಕು (ಕೆಲವು ಕಡೆ ವಿಎಂಡಿ ಆಫ್ ಮಾಡಿದರೆ ಸಾಕು). ಆದರೆ ಸುಮ್ನೆ ಹೋಗಿ ಬದಲಿಸಿದರೆ ವಿಂಡೋಸ್ ನೀಲಿ ಪರದೆ ತೋರಿಸಿ ನಿಲ್ಲುತ್ತದೆ.

ಹಾಗಾಗಿ ಮೊದಲು ಬಿಟ್‌ಲಾಕರ್ (ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್ ಎನ್‌ಕ್ರಿಪ್ಶನ್) ರಿಕವರಿ ಕೀ ಬರೆದಿಟ್ಟುಕೊಳ್ಳಿ, ಬಯಾಸ್ ಬದಲಿಸಿದಾಗ ವಿಂಡೋಸ್ ಅದನ್ನು ಕೇಳಬಹುದು. 48 ಅಂಕಿಯ ಈ ಕೀ ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ. ‘ನಾನು ಬಿಟ್‌ಲಾಕರ್ ಆನ್ ಮಾಡೇ ಇಲ್ಲ’ ಅನ್ನಬೇಡಿ, ಹೊಸ ಯಂತ್ರಗಳಲ್ಲಿ ಡಿವೈಸ್ ಎನ್‌ಕ್ರಿಪ್ಶನ್ ತಾನಾಗಿಯೇ ಆನ್ ಆಗಿರುವುದು ಜಾಸ್ತಿ. ಈ ಕೆಲಸ ಮುಗಿಯುವವರೆಗೆ ಅದನ್ನು ಆಫ್ ಮಾಡಿಡುವುದೇ ವಾಸಿ. ಆಮೇಲೆ ವಿಂಡೋಸ್‌ನಲ್ಲಿ ‘ಎಂಎಸ್‌ಕಾನ್ಫಿಗ್’ ತೆರೆದು, ಬೂಟ್ ಟ್ಯಾಬ್‌ನಲ್ಲಿ ‘ಸೇಫ್ ಬೂಟ್’ ಟಿಕ್ ಮಾಡಿ. ರೀಸ್ಟಾರ್ಟ್ ಮಾಡಿ ನೇರ ಬಯಾಸ್‌ಗೆ ಹೋಗಿ ಎಎಚ್‌ಸಿಐಗೆ ಬದಲಿಸಿ. ಸೇಫ್ ಮೋಡ್‌ನಲ್ಲಿ ಏಳುವಾಗ ವಿಂಡೋಸ್ ಹೊಸ ಡ್ರೈವರ್ ಹಿಡಿದುಕೊಳ್ಳುತ್ತದೆ. ಅಲ್ಲಿ ಪಿನ್ ನಡೆಯದೇ ಇರಬಹುದು, ಖಾತೆಯ ಪಾಸ್‌ವರ್ಡ್ ನೆನಪಿರಲಿ. ಒಳಗೆ ಹೋದಮೇಲೆ ಆ ಟಿಕ್ ತೆಗೆದು ಮತ್ತೆ ರೀಸ್ಟಾರ್ಟ್ ಮಾಡಿ.

ಉಬುಂಟುಗೆ ಜಾಗವನ್ನು ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲೇ ಬಿಡಿಸಿಕೊಳ್ಳಿ. ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ (ಪೂರ್ತಿ ಶಟ್‌ಡೌನ್ ಆಗದಂತೆ ಮಾಡುವ ಸೆಟ್ಟಿಂಗ್) ಕೂಡ ಆಫ್ ಇರಲಿ.

ಈಗ ಇನ್‌ಸ್ಟಾಲರ್‌ನಲ್ಲಿ ಎಸ್‌ಎಸ್‌ಡಿ ಕಾಣಬೇಕು. ನೀವೇ ಪಾರ್ಟಿಷನ್ (ಡಿಸ್ಕ್‌ನ ಭಾಗ) ಮಾಡುವುದಾದರೆ, ಫ್ಯಾಟ್32 ಆಗಿರುವ ಚಿಕ್ಕದೊಂದು ಇಎಫ್‌ಐ ಪಾರ್ಟಿಷನ್ ಕಣ್ಣಿಗೆ ಬೀಳುತ್ತದೆ. ಸಾಮಾನ್ಯವಾಗಿ 100ರಿಂದ 300 ಎಂಬಿ ಇರುತ್ತದೆ. ವಿಂಡೋಸನ್ನು ಶುರು ಮಾಡುವ ಬೂಟ್‌ಲೋಡರ್ ಇರುವುದು ಅದರಲ್ಲೇ. ಉಬುಂಟು ಕೂಡ ತನ್ನದನ್ನು ಅಲ್ಲೇ ಬೇರೆ ಫೋಲ್ಡರ್‌ನಲ್ಲಿ ಇಡುತ್ತದೆ. ಅದನ್ನು ಬಳಸಿ, ಆದರೆ ಫಾರ್ಮ್ಯಾಟ್ ಮಾತ್ರ ಖಂಡಿತ ಮಾಡಬೇಡಿ.

ಇನ್‌ಸ್ಟಾಲರ್ ಡ್ರೈವರ್‌ಗಳಿಗಾಗಿ ಸೆಕ್ಯೂರ್ ಬೂಟ್ ಪಾಸ್‌ವರ್ಡ್ ಕೇಳಿದರೆ ಸುಲಭದ್ದೊಂದು ಕೊಡಿ. ಮುಂದಿನ ಬೂಟ್‌ನಲ್ಲಿ ನೀಲಿ ಪರದೆ ಬಂದು, ಯಾವುದಾದರೂ ಕೀ ಒತ್ತಿ ಅಂತ ಹತ್ತು ಸೆಕೆಂಡ್ ಕಾಯುತ್ತದೆ. ಗಾಬರಿಯಾಗಬೇಡಿ, ಅದು ವಿಂಡೋಸ್‌ನದಲ್ಲ. ‘ಎನ್‌ರೋಲ್ ಮೋಕ್’ (ಡ್ರೈವರ್ ಸಹಿಯ ಕೀ ನೋಂದಣಿ) ಆರಿಸಿ ಅದೇ ಪಾಸ್‌ವರ್ಡ್ ಕೊಡಿ. ಕೈತಪ್ಪಿದರೆ ಉಬುಂಟು ಏನೋ ಬೂಟ್ ಆಗುತ್ತದೆ, ಆದರೆ ಆ ಡ್ರೈವರ್ ಲೋಡ್ ಆಗದೇ ಇರಬಹುದು.

ಎಲ್ಲ ಮುಗಿದಮೇಲೂ ನೇರ ವಿಂಡೋಸೇ ತೆರೆದುಕೊಂಡರೆ ಮತ್ತೆ ಇನ್‌ಸ್ಟಾಲ್ ಮಾಡಲು ಹೋಗಬೇಡಿ. ಬಯಾಸ್‌ನ ಬೂಟ್ ಪಟ್ಟಿಯಲ್ಲಿ ‘ಉಬುಂಟು’ವನ್ನು ಮೇಲಕ್ಕೆ ತನ್ನಿ.