ದುಗುಡ ತಂದ ಹಸಿವು

ಪ್ರಶ್ನೆ: ನಾನು ತೀರ್ಥಹಳ್ಳಿ ಸಮೀಪದ ಗೃಹಿಣಿ. ಈ ಮಳೆಗಾಲ ಅಡಕೆಗೆ ಕೊಳೆ ಬಂದಂದಿನಿಂದ ಸಾಲದ ಚಿಂತೆ ಹತ್ತಿದೆ. ರಾತ್ರಿ ಎಲ್ಲರೂ ಮಲಗಿದ ಮೇಲೆ, ಹಸಿವಿಲ್ಲದಿದ್ದರೂ, ಕೋಡುಬಳೆ, ಹಲಸಿನ ಹಪ್ಪಳದ ಡಬ್ಬಿ ಖಾಲಿಯಾಗುವವರೆಗೆ ತಿನ್ನುತ್ತೇನೆ. ಆಮೇಲೆ ಅಳು ಬರುತ್ತದೆ. ಏನು ಮಾಡಲಿ?

ಉತ್ತರ: ಇದನ್ನು ನಾಲಿಗೆಯ ಚಪಲವೆಂದು ತಿಳಿದು ದಯವಿಟ್ಟು ನಿಮ್ಮನ್ನೇ ಹಳಿದುಕೊಳ್ಳಬೇಡಿ. ಚಿಂತೆ ದಿನಗಟ್ಟಲೆ ಮುಂದುವರಿದಾಗ ಅಡ್ರಿನಲ್ ಗ್ರಂಥಿಗಳು ಸ್ರವಿಸುವ ಕಾರ್ಟಿಸಾಲ್ ಎಂಬ ಹಾರ್ಮೋನು ಹಸಿವನ್ನು ಕೆರಳಿಸಿ, ಸಿಹಿ ಮತ್ತು ಕರಿದ ತಿಂಡಿಗಳತ್ತ ಮನಸ್ಸನ್ನು ಎಳೆಯಬಲ್ಲದು. ತಿಂದಾಗ ಸಿಗುವ ಗಳಿಗೆಯ ನೆಮ್ಮದಿಯೇ ಮರುದಿನವೂ ಕೈಯನ್ನು ಅದೇ ಡಬ್ಬಿಗೆ ಒಯ್ಯುತ್ತದೆ. ನಿಜವಾದ ಹಸಿವು ಸಾಮಾನ್ಯವಾಗಿ ನಿಧಾನವಾಗಿ ಬಂದು ಗಂಜಿ, ಉಪ್ಪಿನಕಾಯಿಗೂ ತಣಿಯುತ್ತದೆ. ದುಗುಡದ ಹಸಿವು ಥಟ್ಟನೆ ಎದ್ದು ಹಪ್ಪಳವೇ ಬೇಕೆಂದು ಹಟ ಹಿಡಿಯುತ್ತದೆ.

ತಿಂದ ತಪ್ಪಿಗೆ ಶಿಕ್ಷೆಯೆಂದು ಮರುದಿನ ಊಟ ಬಿಡುವವರನ್ನು ಕಂಡಾಗ ನನಗೆ ಸಂಕಟವಾಗುತ್ತದೆ, ಏಕೆಂದರೆ ಹಗಲಿನ ಉಪವಾಸವೇ ರಾತ್ರಿಯ ಆಸೆಯನ್ನು ಹೆಚ್ಚಿಸುತ್ತದೆ. ಮೂರು ಹೊತ್ತೂ ಉಣ್ಣಿ. ಡಬ್ಬಿಯತ್ತ ಕೈ ಹೋದಾಗ 10 ನಿಮಿಷ ತಡೆದು, ಆ ಕ್ಷಣ ಕಾಡಿದ್ದು ಸಾಲದ ಕಂತೋ, ಒಂಟಿತನವೋ ಎಂದು ಪುಸ್ತಕದಲ್ಲಿ ಬರೆದಿಡಿ. ಆಗಲೂ ಬೇಕೆನಿಸಿದರೆ ಎರಡು ಹಪ್ಪಳವನ್ನು ತಟ್ಟೆಗೆ ಹಾಕಿಕೊಂಡು, ಡಬ್ಬಿ ಮುಚ್ಚಿಟ್ಟು, ಕುಳಿತು ತಿನ್ನಿ. ಸಾಲದ ಮಾತನ್ನು ಯಜಮಾನರೊಡನೆ ಹಗಲಿನಲ್ಲೇ ಆಡಿ.

ಹತೋಟಿ ತಪ್ಪಿ ತಿನ್ನುವುದು ವಾರಕ್ಕೊಮ್ಮೆಯಾದರೂ 3 ತಿಂಗಳು ಮುಂದುವರಿದರೆ, ಅದು ಚಿಕಿತ್ಸೆಯಿರುವ ಕಾಯಿಲೆಯಾಗಿರಬಹುದು, ಮನೋವೈದ್ಯರನ್ನು ಕಾಣಿ. ಶಿವಮೊಗ್ಗಕ್ಕೆ ಹೋಗಲಾಗದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ, ಕನ್ನಡದಲ್ಲೇ ಮಾತನಾಡಬಹುದು.