ಮನೆಮಾತು ಬೇರೆಯಾದ ವಾಕ್-ಶ್ರವಣ ವಿದ್ಯಾರ್ಥಿಗಳಿಗೆ ಶಿಕ್ಷಕರು ಹೇಗೆ ನೆರವಾಗಬಹುದು?

ಲಂಬಾಣಿ, ಉರ್ದು, ತಮಿಳು ಮನೆಮಾತಿನ ವಿದ್ಯಾರ್ಥಿಗಳು ವಾಕ್ ಮತ್ತು ಶ್ರವಣ ಪದವಿಗೆ ಸೇರಿ ತರಗತಿಯಲ್ಲೂ ಕ್ಲಿನಿಕ್ಕಿನಲ್ಲೂ ಹಿಂದೆ ಬೀಳುತ್ತಿದ್ದಾರೆ, ಶಿಕ್ಷಕರಾಗಿ ಏನು ಮಾಡಬಹುದು ಎಂದು ಕೇಳಿದ್ದೀರಿ. ಸಾಗರದ ಕಡೆಯ ಹವ್ಯಕ ಮನೆಯಲ್ಲಿ ಬೆಳೆದು ಇದೇ ಪದವಿ ಓದಿದ ನಾನು ಈಗ ಶಿವಮೊಗ್ಗದಲ್ಲಿ ವಾಕ್ ಚಿಕಿತ್ಸೆ ನೀಡುತ್ತಾ, ಇಂಟರ್ನ್‌ಶಿಪ್‌ಗೆ ಬರುವವರಿಗೆ ಮಾರ್ಗದರ್ಶನ ಮಾಡುತ್ತಿದ್ದೇನೆ.

ಎರಡನೇ ವರ್ಷದಲ್ಲಿದ್ದಾಗ ನಾಲ್ಕು ವರ್ಷದ ಹುಡುಗನೊಬ್ಬನ ಭಾಷಾ ಪರೀಕ್ಷೆಯ ವರದಿಯನ್ನು ನೋಡಿದೆ. ಅವನು ‘ಅಮ್ಮ ಬಂತು’ ಎಂದದ್ದನ್ನು ವ್ಯಾಕರಣದೋಷವೆಂದು ದಾಖಲಿಸಲಾಗಿತ್ತು. ಹವ್ಯಕರ ಮನೆಮಾತಾದ ಹವಿಗನ್ನಡದಲ್ಲಿ ಹೆಂಗಸರ ಕುರಿತು ನಪುಂಸಕಲಿಂಗದಲ್ಲಿ ಮಾತನಾಡುವುದೇ ರೂಢಿ; ಆ ಮಗು ತನ್ನ ಮನೆಯ ವ್ಯಾಕರಣವನ್ನು ಚೊಕ್ಕವಾಗಿಯೇ ಕಲಿತಿತ್ತು. ನಮ್ಮ ಮನೆಯ ಮಾತೂ ಅದೇ ಆದ್ದರಿಂದ ಇದು ನನಗೆ ತಕ್ಷಣ ತಿಳಿಯಿತು. ಆದರೆ ಅದುವರೆಗೆ ಶಿಕ್ಷಕರು ನನ್ನ ಮಾತಿನ ಧಾಟಿಯನ್ನು ಎಲ್ಲರೆದುರು ತಿದ್ದುತ್ತಲೇ ಬಂದಿದ್ದ ಕಾರಣ, ಅದನ್ನು ಬಾಯಿಬಿಟ್ಟು ಹೇಳಲು ಎರಡು ದಿನ ಹಿಂಜರಿದೆ. ವ್ಯತ್ಯಾಸ ಬೇರೆ, ದೋಷ ಬೇರೆ ಎಂದು ರೋಗಿಗಳ ವಿಷಯದಲ್ಲಿ ಪಾಠ ಮಾಡುವ ನಾವು ವಿದ್ಯಾರ್ಥಿಗಳ ವಿಷಯದಲ್ಲಿ ಅದನ್ನು ಮರೆಯುತ್ತೇವೆ. ಪ್ರಕರಣದ ಚರ್ಚೆ ನಡೆಯುವಾಗಲೆಲ್ಲ ‘ನಿಮ್ಮ ಮನೆಯಲ್ಲಿ ಇದನ್ನು ಹೇಗೆ ಹೇಳುತ್ತಾರೆ’ ಎಂದು ಕೇಳುವುದನ್ನು ದಯವಿಟ್ಟು ರೂಢಿಸಿಕೊಳ್ಳಿ.

ಹಾಗೆಂದು ಎಲ್ಲವನ್ನೂ ಬಿಟ್ಟುಬಿಡಲಾಗದು. ಉರ್ದು ಮನೆಮಾತಿನ ಕೆಲವರಿಗೆ ಳಕಾರ, ಣಕಾರಗಳು ಸುಲಭಕ್ಕೆ ಒಲಿಯುವುದಿಲ್ಲ, ಹಳ್ಳಿ ಹಲ್ಲಿಯಾಗುತ್ತದೆ. ಪದಗಳನ್ನು ಕೇಳಿಸಿ ಶ್ರವಣ ಪರೀಕ್ಷೆ ಮಾಡುವಾಗ ಪರೀಕ್ಷಿಸುವವರೇ ಹಾಗೆ ಉಚ್ಚರಿಸಿದರೆ ಅಥವಾ ಮಗು ಹೇಳಿದ್ದರಲ್ಲಿ ಆ ಭೇದವನ್ನು ಗುರುತಿಸದಿದ್ದರೆ ಫಲಿತಾಂಶವೇ ಕೆಡುತ್ತದೆ. ಅದಕ್ಕೆ ಧ್ವನಿಮುದ್ರಿತ ಪದಪಟ್ಟಿಯನ್ನು ಬಳಸಿ. ಜೊತೆಗೆ ಇಂತಹ ಜೋಡಿಪದಗಳನ್ನು ಕೇಳಿ ಬೇರ್ಪಡಿಸುವ ಅಭ್ಯಾಸವನ್ನು, ಇದು ರೋಗಿಯ ಹಿತಕ್ಕಾಗಿ ಎಂದು ಹೇಳಿ, ಪ್ರತ್ಯೇಕವಾಗಿ ಮಾಡಿಸಿ.

ಪಠ್ಯ ಇಂಗ್ಲಿಷಿನಲ್ಲಿರುವುದರಿಂದ ಕನ್ನಡ ಮಾಧ್ಯಮದಿಂದ ಬಂದವರು ಮೌಖಿಕ ಪರೀಕ್ಷೆಯಲ್ಲಿ ತಡವರಿಸುತ್ತಾರೆ. ತರಗತಿಯಲ್ಲಾದರೂ ಮೊದಲು ತಮ್ಮ ಭಾಷೆಯಲ್ಲಿ ವಿವರಿಸಿ ಆಮೇಲೆ ಇಂಗ್ಲಿಷಿಗೆ ಬರಲು ಬಿಡಿ. ಸೆನ್ಸರಿನ್ಯೂರಲ್ ಶ್ರವಣ ನಷ್ಟವೆಂದರೆ ಒಳಕಿವಿಯ ಅಥವಾ ಶ್ರವಣ ನರದ ತೊಂದರೆ ಎಂದು ಮಗುವಿನ ತಾಯಿಗೆ ಅವಳ ಭಾಷೆಯಲ್ಲಿ ತಿಳಿಸುವುದೂ ನಾಳೆ ಅವರದೇ ಕೆಲಸ.

ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ಸಂಗತಿ. ಶಿಕಾರಿಪುರದ ತಾಂಡಾಗಳಿಂದ ಲಂಬಾಣಿ ಕುಟುಂಬಗಳು, ಭದ್ರಾವತಿಯಿಂದ ತಮಿಳು ಕುಟುಂಬಗಳು ಬಂದಾಗ ಆ ಭಾಷೆ ಬಲ್ಲ ವಿದ್ಯಾರ್ಥಿಯನ್ನು ದುಭಾಷಿಯಾಗಿ ಕರೆಯುತ್ತಾರೆ. ಮಾತು ಮುಗಿದೊಡನೆ ಪ್ರಕರಣ ಬೇರೆಯವರ ಪಾಲಾಗುತ್ತದೆ. ನಾನು ಹಾಗೆ ಬಿಡದೆ, ಲಂಬಾಣಿ ವಿದ್ಯಾರ್ಥಿನಿಯೊಬ್ಬಳಿಗೆ ನನ್ನ ಮೇಲ್ವಿಚಾರಣೆಯಲ್ಲಿ ಇಡೀ ಪ್ರಕರಣವನ್ನು ವಹಿಸಿದೆ. ಅವಳು ಅಜ್ಜಿಯ ಪಕ್ಕ ಕುಳಿತು ಮಗು ಮನೆಯಲ್ಲಿ ಆಡುವ ಪದಗಳನ್ನು ಬರೆದುಕೊಂಡಾಗ, ಕನ್ನಡದಲ್ಲಿ ವಿಚಾರಿಸಿ ನಾವು ಮೊದಲು ಮಾಡಿದ್ದ ಪಟ್ಟಿಯ ಎರಡರಷ್ಟಾಯಿತು. ಅಂದಿನ ಸಮಯವೆಲ್ಲವನ್ನೂ ಅವಳ ಕ್ಲಿನಿಕಲ್ ಅವಧಿಯ ದಾಖಲೆಗೆ ಸೇರಿಸಿ ಸಹಿ ಹಾಕಿದೆ.